ರನ್ನನ ಕಾವ್ಯದಲ್ಲಿ ಶೋಕ

ಹಳಗನ್ನಡ ಕಾವ್ಯಗಳಲ್ಲಿ ಸಾವಿನ ದುಃಖವನ್ನು ಅತ್ಯಂತ ತೀವ್ರವಾಗಿ ನುಡಿದ ಭಾಗ ಯಾವುದೆಂದು ಕೇಳಿದರೆ ಹೆಚ್ಚಿನವರು ಹೆಸರಿಸುವುದು ಕವಿಚಕ್ರವರ್ತಿ ರನ್ನನ ‘ಗದಾಯುದ್ಧ’ದ ದುರ್ಯೋಧನ ವಿಲಾಪವನ್ನು. ರನ್ನನು ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ ಜನಿಸಿದ ಜೈನ ಕವಿ. ಅಜಿತಸೇನಾಚಾರ್ಯರು ಅವನ ಗುರುಗಳು.

ಜೈನ ಸಿದ್ಧಾಂತವು ಶೋಕವನ್ನು ಹೊಗಳುವುದಿಲ್ಲ. ಹಾಸ್ಯ, ರತಿ, ಅರತಿ, ಭಯಗಳ ಸಾಲಿನಲ್ಲಿ ಶೋಕವೂ ಒಂದು ನೋಕಷಾಯ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು ಶೋಕ, ಆಕ್ರಂದನ, ಪರಿದೇವನೆಗಳನ್ನು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಎಣಿಸುತ್ತದೆ. ಪ್ರಿಯರು ಅಗಲಿದಾಗ ಮತ್ತೆ ಮತ್ತೆ ಅದನ್ನೇ ನೆನೆದು ಕೊರಗುವುದು ಆರ್ತಧ್ಯಾನ. ಇದನ್ನೆಲ್ಲ ಬಲ್ಲ ಕವಿಯೇ ಕನ್ನಡದ ದೊಡ್ಡ ಶೋಕಗೀತವನ್ನು ಬರೆದನು. ದುಃಖಿಯ ಬಾಯನ್ನು ಉಪದೇಶದಿಂದ ಮುಚ್ಚಿಸುವ ಆತುರ ರನ್ನನಲ್ಲಿ ಇಲ್ಲ. ಮೊದಲು ಅಳು, ಆಮೇಲೆ ವೈರಾಗ್ಯ.

ಗದಾಯುದ್ಧದಲ್ಲಿ ದುರ್ಯೋಧನನು ಶರಶಯ್ಯೆಯಲ್ಲಿರುವ ಭೀಷ್ಮರನ್ನು ಕಾಣಲು ಸಂಜಯನೊಡನೆ ರಣರಂಗದ ನಡುವೆ ನಡೆದು ಹೋಗುತ್ತಾನೆ. ಹೆಣಗಳ ರಾಶಿ, ನೆತ್ತರು, ಅಲ್ಲಿ ಸುಳಿಯುವ ಮರುಳುಗಳ ಅಣಕ. ದಾರಿಯಲ್ಲಿ ಒಬ್ಬೊಬ್ಬರಾಗಿ ಅವನವರೇ ಬಿದ್ದಿದ್ದಾರೆ: ಗುರು ದ್ರೋಣರು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಶತ್ರುವಿನ ಮಗನಾದ ಅಭಿಮನ್ಯುವನ್ನೂ ಅವನು ಕೈಮುಗಿದು ಮೆಚ್ಚುತ್ತಾನೆ. ಆ ಬಾಲಕನ ಸಾಹಸದ ಒಂದಂಶವಾದರೂ ಇರುವ ಸಾವು ತನಗೆ ಬರಲೆಂದು ಬೇಡುತ್ತಾನೆ.

ಇಲ್ಲಿ ರನ್ನನು ದುಃಖವನ್ನು ದೊಡ್ಡ ಮಾತುಗಳಲ್ಲಿ ಹೇಳುವುದಿಲ್ಲ. ಮನೆಯೊಳಗಿನ ಸಣ್ಣ ಸಂಗತಿಗಳನ್ನು ಹಿಡಿಯುತ್ತಾನೆ. ತಂದೆಗೆ ಮಗನು ತರ್ಪಣ ಬಿಡುವುದು ಲೋಕದ ರೂಢಿ. ಈಗ ಮಗನಿಗೆ ತಾನು ಬಿಡಬೇಕಾಯಿತಲ್ಲ, ಈ ಕ್ರಮವನ್ನು ನೀನು ಹೀಗೆ ತಲೆಕೆಳಗು ಮಾಡಬಹುದೇ ಎಂದು ಲಕ್ಷಣಕುಮಾರನನ್ನು ಕೇಳುತ್ತಾನೆ. ದುಶ್ಶಾಸನನ ಮುಂದೆಯೂ ಅದೇ ಮಾತು: ತಾಯಿಯ ಎದೆಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು, ಊಟದಲ್ಲಿ, ಭೋಗದಲ್ಲಿ ಎಲ್ಲದರಲ್ಲೂ ಅಣ್ಣನಾದ ಮೇಲೆ ತಮ್ಮ. ಸಾವಿನಲ್ಲಿ ಮಾತ್ರ ತಮ್ಮ ಮುಂದಾಗಿಬಿಟ್ಟ. ಮಗನನ್ನೋ ತಮ್ಮನನ್ನೋ ಕಳೆದುಕೊಂಡ ಯಾವುದೇ ಮನೆಯ ಹಿರಿಯರು ಆಡುವ ಮಾತು ಇದು.

ಇದರ ಜೊತೆಗೆ ಇನ್ನೊಂದು ಚುಚ್ಚು. ನಿನ್ನನ್ನು ಕೊಂದವನು ಇನ್ನೂ ಇದ್ದಾನೆ, ಅವನನ್ನು ಕೊಲ್ಲದ ನಾನೂ ಇನ್ನೂ ಇದ್ದೇನೆ, ನಮ್ಮ ಅಣ್ಣತಮ್ಮಂದಿರ ಪ್ರೀತಿಗೆ ಇಷ್ಟು ಸಾಲದೇ ಎಂದು ಅವನು ತನ್ನನ್ನೇ ಹಂಗಿಸಿಕೊಳ್ಳುತ್ತಾನೆ. ಉಳಿದವರನ್ನು ಬಹುಕಾಲ ಕಾಡುವ ನೋವು ಇದೇ: ಅವರು ಹೋದರು, ನಾನೇಕೆ ಇದ್ದೇನೆ? ಕರ್ಣನ ಬಳಿ ಬಂದಾಗ ಗುಟ್ಟೊಂದು ಹೊರಬೀಳುತ್ತದೆ. ಕರ್ಣನು ಯಾರ ಮಗನೆಂದು ಕುಂತಿಗೆ, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತಿದ್ದಂತೆ ತನಗೂ ಗೊತ್ತಿತ್ತು ಎನ್ನುತ್ತಾನೆ ದುರ್ಯೋಧನ. ಬದುಕಿದ್ದಾಗ ಹೇಳದ ಮಾತನ್ನು ಹೆಣದ ಮುಂದೆ ಹೇಳುತ್ತಾನೆ. ಪದವಿಪೂರ್ವ ತರಗತಿಯಲ್ಲಿ ಈ ಭಾಗವನ್ನು ಅಂಕಕ್ಕಾಗಿ ಓದಿ ಮರೆತವರು ಇನ್ನೊಮ್ಮೆ ನಿಧಾನವಾಗಿ ಓದಬೇಕು.

ರನ್ನನ ಇನ್ನೊಂದು ಕೃತಿ, 993ರಲ್ಲಿ ರಚಿತವಾದ ‘ಅಜಿತತೀರ್ಥಂಕರ ಪುರಾಣತಿಲಕ’, ಶೋಕದಿಂದ ವೈರಾಗ್ಯಕ್ಕೆ ಹೋಗುವ ದಾರಿಯನ್ನು ತೋರಿಸುತ್ತದೆ. ಸಗರ ಚಕ್ರವರ್ತಿಯ ಬಳಿಗೆ ಅವನ ಹಿಂದಿನ ಭವದ ಮಿತ್ರನಾದ ಮಣಿಕೇತು ದೇವನು ಮುದಿ ಬ್ರಾಹ್ಮಣನ ವೇಷದಲ್ಲಿ ಬಂದು, ಸತ್ತ ಮಗನನ್ನು ಬದುಕಿಸಿಕೊಡೆಂದು ಬೇಡುತ್ತಾನೆ. ಸಾವು ಯಾರನ್ನೂ ಬಿಡದೆಂದು ಸಗರನು ಸಮಾಧಾನ ಹೇಳುತ್ತಾನೆ. ಆಗ ಅವನ ಅರವತ್ತು ಸಾವಿರ ಮಕ್ಕಳು ಸತ್ತ ಸುದ್ದಿ ತಿಳಿಯುತ್ತದೆ. ಬೇರೆಯವರಿಗೆ ಹೇಳಿದ ಸಮಾಧಾನವನ್ನು ಈಗ ಅವನೇ ನುಂಗಬೇಕು.

ಈ ಪುರಾಣವನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವಳ ಪತಿ ನಾಗದೇವನು ತೀರಿಕೊಂಡಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಒಮ್ಮೆಗೇ ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು, ವ್ರತನಿಯಮಗಳಲ್ಲಿ ಬಾಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಸಗರನ ಕಥೆಯನ್ನು ಅವಳು ಹೇಗೆ ಕೇಳಿರಬಹುದೆಂದು ಊಹಿಸಬಹುದಷ್ಟೆ. ರನ್ನನು ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟನು.

ಕಾವ್ಯದ ಓಲೆಗರಿಗಳಿಂದಾಚೆ ಇದೇ ಶೋಕವು ಕಲ್ಲಿನಲ್ಲೂ ಪದ್ಯವಾಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳಲ್ಲಿ ಹಳೆಯವು ಬಹುಮಟ್ಟಿಗೆ ಸಂಯಮದವು. ಸುಮಾರು 7ನೆಯ ಶತಮಾನದ ನಂದಿಸೇನ ಮುನಿಗಳ ಶಾಸನವು ಕಾಮನಬಿಲ್ಲು, ಮಿಂಚು, ಮಂಜುಗಳನ್ನು ತೋರಿಸಿ ಸಿರಿಯೂ ರೂಪವೂ ಹಾಗೆಯೇ ಎನ್ನುತ್ತದೆ. ಅಲ್ಲಿ ಅಳುವವರು ಯಾರೂ ಕಾಣುವುದಿಲ್ಲ.

ಮಾಚಿಕಬ್ಬೆಯ ಶಾಸನ ಹಾಗಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳೇ ಹೋದ ಮೇಲೆ ತಾನು ಇರಲಾಗದೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ಕೈಗೊಂಡಳೆಂದು ಪದ್ಯ ಹೇಳುತ್ತದೆ. ಸಲ್ಲೇಖನದ ಐದು ಅತಿಚಾರಗಳಲ್ಲಿ ಮರಣಾಶಂಸೆ ಒಂದು, ಮಿತ್ರಾನುರಾಗ ಇನ್ನೊಂದು: ಬೇಗ ಸಾಯಬೇಕೆಂಬ ಬಯಕೆಯಾಗಲಿ, ಪ್ರಿಯರ ಮೇಲಿನ ಮೋಹವಾಗಲಿ ಇರಕೂಡದು. ಆದರೂ ಶಾಸನಕವಿ ತಾಯಿಯ ಆ ಮಾತನ್ನು ಬಿಟ್ಟುಬಿಡಲಿಲ್ಲ. ಗುರುಗಳ ಸಮ್ಮುಖದಲ್ಲಿ ಒಂದು ತಿಂಗಳು ಅನಶನ ಮಾಡಿ, ಜಿನನನ್ನು ನೆನೆಯುತ್ತ ಸಮಾಧಿ ಹೊಂದಿದ್ದನ್ನೂ ಅದೇ ಕಲ್ಲಿನಲ್ಲಿ ಬರೆದನು. ಶಾಂತಲದೇವಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಪರಿಸರದಲ್ಲಿ ಆ ಶಾಸನ ಇದೆ.