ಬಾಣಂತಿ ಜ್ವರವೂ ಆರೈಕೆಯ ಕೈಯೂ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಹಳೆಯ ಮನೆಗಳಲ್ಲಿ ಬಾಣಂತಿ ಕೋಣೆಯೆಂದರೆ ಗಾಳಿಯಾಡದ, ಕತ್ತಲೆಯ ಒಂದು ಮೂಲೆ. ಹೊರಸಿನ ಕೆಳಗೆ ಕೆಂಡದ ಶೇಗಡಿ, ಕೆಂಡದ ಮೇಲೆ ಅಜವಾನ, ಬಾಗಿಲಿಗೆ ಕಂಬಳಿ. ಆ ಹೊಗೆಯ ವಾಸನೆ ನನಗೆ ಇಂದಿಗೂ ಪ್ರಿಯವೇ. ಆದರೆ ಆ ಕೋಣೆಯ ಚರಿತ್ರೆಯನ್ನು ಕೆದಕಿದಷ್ಟೂ ಮನಸ್ಸು ಕಹಿಯಾಗುತ್ತದೆ. ಹೆರಿಗೆ ಮೈಲಿಗೆ, ಬಳಸಿದ್ದನ್ನು ಎಸೆಯಬೇಕು, ಆದ್ದರಿಂದ ಮನೆಯೊಳಗಿನ ಅತಿ ಹಳೆಯ ಹರಕು ಅರಿವೆಯೇ ಬಾಣಂತಿಯ ಪಾಲು. ಅವಳನ್ನು ಮುಟ್ಟಿದವರು ಆಮೇಲೆ ಮೀಯುತ್ತಿದ್ದರು. ಮುಟ್ಟುವ ಮೊದಲು ಕೈತೊಳೆಯಿರೆಂದು ಮಡಿ ಹೇಳಲಿಲ್ಲ. ಮೂರನೆಯ ದಿನಕ್ಕೆ ಚಳಿಜ್ವರ ಬಂದು, ಹೊಟ್ಟೆ ಉಬ್ಬಿ, ಹೆಂಗಸು ಬಡಬಡಿಸತೊಡಗಿದರೆ ಅದು ‘ಸನ್ನಿ’. ದೃಷ್ಟಿ ತೆಗೆದು, ಕೇಳಿದರೂ ನೀರು ಕೊಡದೆ, ಇನ್ನೊಂದು ಕಂಬಳಿ ಹೊದಿಸುತ್ತಿದ್ದರು.

ಇದು ಹಳ್ಳಿಗರ ಅಜ್ಞಾನವೆಂದು ನಗುವವರು ವಿಯೆನ್ನಾ ನಗರದ ಕಡೆಗೂ ನೋಡಬೇಕು. 1846ರಲ್ಲಿ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರ ಹೆರಿಗೆ ವಿಭಾಗದಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ಮೂವರಿಗಿಂತ ಕಡಿಮೆ! ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ, ಸಾವು ಇಳಿಯಿತು. ಆದರೂ ಅವನ ಮಾತು ಬಹುಮಂದಿಗೆ ರುಚಿಸಲಿಲ್ಲ. ತನ್ನ ಕೈಯೇ ಕೊಂದಿತೆಂದು ಒಪ್ಪುವುದು ಯಾರಿಗೆ ಸುಲಭ?

ನಮ್ಮ ಸೀಮೆಯ ನೆರೆಯಲ್ಲೇ ಒಂದು ಆಸೆ ಚಿಗುರಿ ಬಾಡಿತು. ನಿಪ್ಪಾಣಿಗೆ ಕೊಲ್ಹಾಪುರ ಹತ್ತಿರ; ರಾಯಬಾಗವಂತೂ ಆಗ ಕೊಲ್ಹಾಪುರ ಸಂಸ್ಥಾನದ್ದೇ. ಹತ್ತು ದಿನದ ಕೂಸನ್ನು ಕಳೆದುಕೊಂಡ ಆನಂದಿಬಾಯಿ ಜೋಶಿ ಅಮೆರಿಕೆಗೆ ಹೋಗಿ, ಹಿಂದೂಗಳ ಪ್ರಸೂತಿ ಪದ್ಧತಿಯ ಮೇಲೆಯೇ ಪ್ರಬಂಧ ಬರೆದು, 1886ರಲ್ಲಿ ವೈದ್ಯೆಯಾದಳು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗ ಅವಳಿಗಾಗಿ ಕಾದಿತ್ತು. 1887ರ ಫೆಬ್ರುವರಿಯಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕ್ಷಯ ಅವಳನ್ನು ಒಯ್ದಿತು. ಕಾಗವಾಡ, ಅಥಣಿಗಳಿಗೆ ಸಮೀಪವಾದ ಮಿರಜದಲ್ಲಿ ವಾನ್‌ಲೆಸ್ ಆಸ್ಪತ್ರೆ ಎದ್ದದ್ದು 1894ರಲ್ಲಿ. ಮುಂದೆ ಅಲ್ಲಿ ದಾದಿಯರ ಶಿಕ್ಷಣವೂ ನಡೆಯಿತು.

ಮದ್ದಿಲ್ಲದ ಆ ಕಾಲದಲ್ಲಿ ದಾದಿಯ ಕೈಯೇ ಮದ್ದು. ಕುದಿಸಿದ ಬಟ್ಟೆ, ಗಂಟೆಗಂಟೆಗೆ ನಾಡಿ, ಜ್ವರದ ಲೆಕ್ಕ. ಸ್ರಾವ ಕೆಳಗಿಳಿಯಲೆಂದು ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸುವುದು. ಗುಟುಕು ಗುಟುಕಾಗಿ ನೀರು. ನಮ್ಮವರು ಕೊಡದಿದ್ದ ಅದೇ ನೀರು! 1935ರಲ್ಲಿ ಡೋರಾ ಕೋಲ್‌ಬ್ರುಕ್ ಎಂಬಾಕೆ, ರೋಗಾಣು ಆರೈಕೆಯವರ ಮೂಗು ಗಂಟಲುಗಳಿಂದಲೂ ಬರುತ್ತದೆಂದು ತೋರಿಸಿದಳು. ಮರುವರ್ಷ ಅವಳ ಅಣ್ಣ ಲೆನರ್ಡ್ ಲಂಡನ್ನಿನಲ್ಲಿ ಪ್ರಾಂಟೊಸಿಲ್ ಮದ್ದು ಕೊಟ್ಟ 38 ಬಾಣಂತಿಯರಲ್ಲಿ 35 ಮಂದಿ ಬದುಕಿದರು. ಸಲ್ಫಾ, ಪೆನ್ಸಿಲಿನ್ ಬಂದ ಮೇಲಿನ ಕತೆ ಎಲ್ಲರಿಗೂ ಗೊತ್ತು.

ಆದರೂ ಜ್ವರ ಸಾಯಲಿಲ್ಲ. ಏಳು ದೇಶಗಳ 29,278 ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯಲ್ಲಿ ಬೆಳಗಾವಿಯೂ ಒಂದು ಕೇಂದ್ರ. ಹೆರಿಗೆ ನೋವಿನ ವೇಳೆ ಒಮ್ಮೆ ಅಜಿತ್ರೊಮೈಸಿನ್ ನುಂಗಿದವರಲ್ಲಿ ನಂಜು ಇಲ್ಲವೆ ಸಾವು ನೂರಕ್ಕೆ 1.6, ನುಂಗದವರಲ್ಲಿ 2.4. ಫಲ ಪ್ರಕಟವಾದದ್ದು 2023ರಲ್ಲಿ.

ಈಗ ಈ ತಾಲೂಕುಗಳಲ್ಲೂ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ ಮೊದಲು ಬರಬೇಕಾದದ್ದು ಮೂರನೆಯ ದಿನ. ಸನ್ನಿ ಏರುತ್ತಿದ್ದ ದಿನವೂ ಅದೇ. ಅವಳು ಕೈ ತೊಳೆದುಕೊಂಡು ಕೂಸನ್ನು ತೂಗಿ, ತಾಯಿಯನ್ನು ಜ್ವರವುಂಟೆ, ಸ್ರಾವ ನಾರುತ್ತದೆಯೆ ಎಂದು ಕೇಳುತ್ತಾಳೆ.