ಬೈಕಿನ ಹೆಸರು ಗೊತ್ತು, ಸವಾರನ ಹೆಸರು?

ಹೊಂಡಾ, ಯಮಾಹಾ, ಸುಜುಕಿ, ಕವಾಸಾಕಿ. ಈ ಹೆಸರುಗಳನ್ನು ನಮ್ಮ ಯಾವ ಗ್ಯಾರೇಜಿನ ಹುಡುಗನಾದರೂ ನಿದ್ದೆಗಣ್ಣಲ್ಲೂ ಹೇಳಿಯಾನು. ಯಮಾಹಾ ಆರ್‌ಎಕ್ಸ್ 100ರ ಸದ್ದಿಗೆ ಮನಸೋತ ತಲೆಮಾರೊಂದು ಕರ್ನಾಟಕದಲ್ಲಿ ಇನ್ನೂ ಇದೆ. ಆದರೆ ರೋಡ್ ರೇಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಜಪಾನಿ ಸವಾರರಲ್ಲಿ ಒಬ್ಬನ ಹೆಸರನ್ನಾದರೂ ಹೇಳಿ ಎಂದರೆ ಬೈಕ್ ಪ್ರಿಯರೂ ತಡವರಿಸುತ್ತಾರೆ. ರೊಸ್ಸಿ, ಮಾರ್ಕೆಸ್ ಎಂದು ಶುರುವಾಗುವ ಮೋಟೊಜಿಪಿ ಹರಟೆಗಳಲ್ಲಿ ಒಂದು ಮಾತಂತೂ ಸಿದ್ಧಸೂತ್ರದಂತೆ ಓಡಾಡುತ್ತದೆ: ಜಪಾನಿನವರು ಬೈಕು ಕಟ್ಟಬಲ್ಲರು, ಓಡಿಸುವುದು ಯುರೋಪಿನವರ ಕೆಲಸ, ಜಪಾನಿ ಸವಾರರು ತಮ್ಮೂರ ಸುಜುಕಾ ಟ್ರ್ಯಾಕಿನಲ್ಲಿ ಹುಲಿ, ಗಡಿ ದಾಟಿದರೆ ಇಲಿ. ಫಲಿತಾಂಶದ ಪಟ್ಟಿ ನೋಡದವರ ಮಾತಿದು.

ಮೊದಲ ಘಟ್ಟದ ಕಥೆ ಚಿಕ್ಕದು. ಐಲ್ ಆಫ್ ಮ್ಯಾನ್ ಟಿಟಿ ರೇಸಿಗೆ ಹೋಗಿಯೇ ತೀರುತ್ತೇವೆಂದು ಸೊಯಿಚಿರೊ ಹೊಂಡಾ ಘೋಷಿಸಿದ್ದು 1954ರಲ್ಲಿ. ತಂಡ ಅಲ್ಲಿಗೆ ತಲುಪಿದ್ದು 1959ರಲ್ಲಿ. 125 ಸಿಸಿ ರೇಸಿನಲ್ಲಿ ನವೊಮಿ ತನಿಗುಚಿ ಆರನೆಯವರಾಗಿ ಗುರಿ ಮುಟ್ಟಿದರು, ತಂಡದ ಬಹುಮಾನವೂ ಹೊಂಡಾ ಪಾಲಾಯಿತು. ಎರಡೇ ವರ್ಷಕ್ಕೆ, 1961ರಲ್ಲಿ, ಕುನಿಮಿತ್ಸು ತಕಹಾಶಿ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ 250 ಸಿಸಿ ರೇಸ್ ಗೆದ್ದು, ಗ್ರ್ಯಾಂಡ್ ಪ್ರೀ ಗೆದ್ದ ಮೊದಲ ಜಪಾನಿಯಾದರು. 1963ರಲ್ಲಿ ಮಿತ್ಸುವೊ ಇತೊ 50 ಸಿಸಿಯ ಸುಜುಕಿಯಲ್ಲಿ ಟಿಟಿಯನ್ನೇ ಗೆದ್ದರು. ಅದೇ ವರ್ಷ ಫುಮಿಯೊ ಇತೊ ಬೆಲ್ಜಿಯಂನಲ್ಲಿ ಯಮಾಹಾಗೆ ಮೊದಲ ಗ್ರ್ಯಾಂಡ್ ಪ್ರೀ ಗೆಲುವು ತಂದರು. ದಶಕ ಮುಗಿಯುವ ಮೊದಲೇ ಕಂಪನಿಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು, ಅವುಗಳ ಜೊತೆ ಸವಾರರೂ ಊರಿಗೆ ಮರಳಿದರು. ಕಂಪನಿಯ ಲೆಕ್ಕಪುಸ್ತಕಕ್ಕೆ ಸವಾರನ ಭವಿಷ್ಯ ಗಂಟುಬಿದ್ದದ್ದು ಆಗ.

ಎಪ್ಪತ್ತರ ದಶಕದಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಹಿದೆವೊ ಕನಾಯಾ 1973ರಲ್ಲಿ ಯಾರ್ನೊ ಸಾರಿನೆನ್ ಜೊತೆ ಯಮಾಹಾ ತಂಡದಲ್ಲಿದ್ದರು. ಮೊಂಜಾದಲ್ಲಿ ಸಾರಿನೆನ್ ಸತ್ತ ಮೇಲೆ ಯಮಾಹಾ ಆ ವರ್ಷದ ಮಟ್ಟಿಗೆ ಹಿಂದೆ ಸರಿಯಿತು, ಕನಾಯಾ ಅವರ ವರ್ಷವೂ ಅಲ್ಲಿಗೆ ಮುಗಿಯಿತು. 1975ರಲ್ಲಿ ಅವರು ಆಸ್ಟ್ರಿಯಾದಲ್ಲಿ 350 ಮತ್ತು 500 ಸಿಸಿ ಎರಡೂ ರೇಸುಗಳನ್ನು ಗೆದ್ದರು. 500 ಸಿಸಿಯಲ್ಲಿ ಗೆದ್ದ ಮೊದಲ ಜಪಾನಿ ಅವರೇ. ಎರಡನೆಯವರು ತಕಜುಮಿ ಕತಯಾಮಾ. ಕೋಬೆಯಲ್ಲಿ ಕೊರಿಯಾ ಮೂಲದ ಕುಟುಂಬದಲ್ಲಿ ಹುಟ್ಟಿದ ಇವರು 1977ರಲ್ಲಿ 350 ಸಿಸಿ ವಿಶ್ವ ಚಾಂಪಿಯನ್ ಆದರು. ಜಪಾನಿನ ಮೊದಲ ವಿಶ್ವ ಕಿರೀಟ ಬಂದದ್ದು ಹೀಗೆ. ಎಂಬತ್ತರ ದಶಕ ತದಹಿಕೊ ತೈರಾ ಅವರದು. ಅವರ ಖ್ಯಾತಿ ಹೆಚ್ಚಾಗಿ ಸುಜುಕಾ ಎಂಟು ಗಂಟೆಗಳ ರೇಸಿನಿಂದ ಬಂದದ್ದು. 1985ರಲ್ಲಿ ಕೆನ್ನಿ ರಾಬರ್ಟ್ಸ್ ಜೊತೆ ಮುಂದಿದ್ದಾಗಲೇ, ಕೊನೆಯ ಅರ್ಧ ಗಂಟೆ ಉಳಿದಿರುವಾಗ, ಅವರ ಬೈಕು ನಿಂತುಹೋಯಿತು. ಗೆಲುವು ಸಿಕ್ಕಿದ್ದು 1990ರಲ್ಲಿ, ಎಡ್ಡಿ ಲಾಸನ್ ಜೊತೆ.

ತೊಂಬತ್ತರ ದಶಕ ಬಂದಾಗ ಪಟ್ಟಿಯ ಬಣ್ಣವೇ ಬದಲಾಯಿತು. ಪಾರ್ಕಿಂಗ್ ಜಾಗದಷ್ಟು ಸಣ್ಣ ಟ್ರ್ಯಾಕುಗಳಲ್ಲಿ ಪಾಕೆಟ್ ಬೈಕ್ ಓಡಿಸಿ ಬೆಳೆದ ಮಕ್ಕಳು ಆಗ ಪ್ರಾಯಕ್ಕೆ ಬಂದಿದ್ದರು. 1987ರಲ್ಲಿ ಗ್ರ್ಯಾಂಡ್ ಪ್ರೀ ಸುಜುಕಾಕ್ಕೆ ಮರಳಿದ್ದರಿಂದ ವಿಶ್ವದ ಸವಾರರ ಎದುರು ತಮ್ಮನ್ನು ಅಳೆದುಕೊಳ್ಳಲು ಅವರಿಗೆ ವರ್ಷಕ್ಕೊಂದು ಅವಕಾಶವೂ ಸಿಕ್ಕಿತು. ತೆತ್ಸುಯಾ ಹರಾದಾ 1993ರಲ್ಲಿ ಯುರೋಪಿಗೆ ಹೋದ ಮೊದಲ ಪೂರ್ಣ ವರ್ಷದಲ್ಲೇ 250 ಸಿಸಿ ಚಾಂಪಿಯನ್ ಆದರು. 1994ರಿಂದ 1998ರವರೆಗಿನ ಐದು ವರ್ಷಗಳಲ್ಲಿ 125 ಸಿಸಿ ಕಿರೀಟ ನಾಲ್ಕು ಸಲ ಜಪಾನಿಗೆ ಹೋಯಿತು: ಎರಡು ಕಜುತೊ ಸಕತಾಗೆ, ಎರಡು ಹರುಚಿಕಾ ಅವೊಕಿಗೆ. ಉಳಿದ ಒಂದನ್ನು ಗೆದ್ದವನು ಹದಿಹರೆಯದ ವ್ಯಾಲೆಂಟಿನೊ ರೊಸ್ಸಿ. 500 ಸಿಸಿಯಲ್ಲಿ 1997ರ ಅಂತಿಮ ಪಟ್ಟಿ ನೋಡಿ. ಮೊದಲ ಸ್ಥಾನ ಮಿಕ್ ಡೂಹನ್. ಎರಡನೆಯದು ತದಯುಕಿ ಒಕಾದಾ, ಮೂರನೆಯದು ನೊಬುವತ್ಸು ಅವೊಕಿ, ಐದನೆಯದು ಅವರ ತಮ್ಮ ತಕುಮಾ ಅವೊಕಿ. ಇವರೆಲ್ಲ ಊರ ಅಂಗಳದ ಹುಲಿಗಳೇ?

ಆ ರೊಸ್ಸಿ ಹುಡುಗನಾಗಿದ್ದಾಗ ತನ್ನನ್ನು ‘ರೊಸ್ಸಿಫುಮಿ’ ಎಂದು ಕರೆದುಕೊಳ್ಳುತ್ತಿದ್ದ. ಕಾರಣ ನೊರಿಫುಮಿ ಅಬೆ. 1994ರಲ್ಲಿ ಸುಜುಕಾದಲ್ಲಿ ಹದಿನೆಂಟರ ಅಬೆ ವೈಲ್ಡ್ ಕಾರ್ಡ್ ಆಗಿ ಇಳಿದು, ಉದ್ದ ಕೂದಲು ಹಾರಿಸುತ್ತ, ಶ್ವಾಂಟ್ಸ್ ಮತ್ತು ಡೂಹನ್ ಅವರೊಡನೆ ಮುಂಚೂಣಿಗೆ ಸೆಣಸಿದರು. ಮೂರು ಲ್ಯಾಪ್ ಉಳಿದಿರುವಾಗ ಬಿದ್ದರು. ಬಿದ್ದದ್ದನ್ನೇ ಎತ್ತಿ ಆಡುವವರು, ಎರಡು ವರ್ಷದ ನಂತರ ಅದೇ ಸುಜುಕಾದಲ್ಲಿ ಅವರು ಗೆದ್ದದ್ದನ್ನೂ, 1999ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಗೆದ್ದದ್ದನ್ನೂ ನೆನೆಯುವುದಿಲ್ಲ. ಹರಾದಾ ಅವರಿಗೆ ಎರಡನೇ ಕಿರೀಟ ತಪ್ಪಿದ ಬಗೆ ಇನ್ನೂ ಕಹಿ. 1998ರ ಕೊನೆಯ ರೇಸು, ಅರ್ಜೆಂಟೀನಾ, ಕೊನೆಯ ಲ್ಯಾಪಿನ ಕೊನೆಯ ತಿರುವು: ಒಂದೇ ಕಂಪನಿಯ ಬೈಕಿನಲ್ಲಿದ್ದ ಲೊರಿಸ್ ಕಪಿರೊಸ್ಸಿ ಒಳಗಿನಿಂದ ನುಗ್ಗಿ ಗುದ್ದಿದರು. ಹರಾದಾ ಟ್ರ್ಯಾಕಿನಾಚೆ, ಕಪಿರೊಸ್ಸಿ ಚಾಂಪಿಯನ್.

ಈ ತಲೆಮಾರಿನ ಶಿಖರ ದೈಜಿರೊ ಕಾತೊ. 1976ರಲ್ಲಿ ಸೈತಾಮಾದಲ್ಲಿ ಹುಟ್ಟಿದ ಕಾತೊ ಪಾಕೆಟ್ ಬೈಕಿನಲ್ಲಿ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. ವೈಲ್ಡ್ ಕಾರ್ಡ್ ಆಗಿ 1996ರಲ್ಲಿ ಸುಜುಕಾದ 250 ಸಿಸಿ ರೇಸಿನಲ್ಲಿ ಮೂರನೆಯವರಾದರು, 1997 ಮತ್ತು 1998ರಲ್ಲಿ ಗೆದ್ದೇಬಿಟ್ಟರು. ಆದರೂ ಪೂರ್ಣ ಋತು ಓಡುವ ಅವಕಾಶ ಸಿಕ್ಕಿದ್ದು 2000ದಲ್ಲಿ, ಇಟಲಿಯ ಫೌಸ್ಟೊ ಗ್ರೆಸಿನಿ ಅವರ ತಂಡದಲ್ಲಿ. ಎರಡು ಸಲ ಗೆದ್ದವನನ್ನು ಊರಲ್ಲೇ ಕಾಯಿಸಿದ್ದೇಕೆ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಮೊದಲ ವರ್ಷ ನಾಲ್ಕು ಗೆಲುವು, ಮೂರನೇ ಸ್ಥಾನ. 2001ರಲ್ಲಿ 16 ರೇಸುಗಳಲ್ಲಿ 11 ಗೆಲುವು. 250 ಸಿಸಿಯಲ್ಲಿ ಮೈಕ್ ಹೇಲ್‌ವುಡ್ 1966ರಲ್ಲಿ ಸ್ಥಾಪಿಸಿದ್ದ ಒಂದೇ ಋತುವಿನ ದಾಖಲೆ ಹತ್ತು, ಅದು ಮುರಿಯಿತು. ಕಾತೊ ಸವಾರಿಯಲ್ಲಿ ಆರ್ಭಟವಿರಲಿಲ್ಲ. ಮಾತಿನಲ್ಲೂ ಅಷ್ಟೇ. ಪತ್ರಿಕೆಗಳಿಗೆ ಬಣ್ಣದ ಹೇಳಿಕೆ ಸಿಗದ್ದರಿಂದಲೋ ಏನೋ, ಅವರ ಬಗ್ಗೆ ಬರೆದದ್ದು ಗೆಲುವುಗಳಿಗೆ ಹೋಲಿಸಿದರೆ ಕಡಿಮೆಯೇ.

2002ರಲ್ಲಿ ಕಾತೊ ದೊಡ್ಡ ವರ್ಗಕ್ಕೆ ಏರಿದಾಗ ಅಲ್ಲಿಗೆ ನಾಲ್ಕು ಸ್ಟ್ರೋಕಿನ 990 ಸಿಸಿ ಬೈಕುಗಳು ಬಂದವು. ಹೊಂಡಾ ತನ್ನ ಹೊಸ ಆರ್‌ಸಿ211ವಿಯನ್ನು ರೊಸ್ಸಿ ಮತ್ತು ತೊರು ಉಕಾವಾಗೆ ಕೊಟ್ಟು, ಕಾತೊಗೆ ಹಳೆಯ ಟೂ-ಸ್ಟ್ರೋಕ್ 500 ಅನ್ನೇ ಉಳಿಸಿತು. ಅದರಲ್ಲೇ ಅವರು ಹೆರೆಸ್‌ನಲ್ಲಿ ಎರಡನೆಯವರಾದರು. ಹತ್ತನೇ ರೇಸಿಗೆ, ಬರ್ನೊದಲ್ಲಿ, ಹೊಸ ಬೈಕು ಕೈಗೆ ಬಂತು. ಅಂದೇ ಮತ್ತೆ ಎರಡನೇ ಸ್ಥಾನ. ಮುಂದಿನ ಋತುವಿನ ಮೊದಲ ರೇಸು 2003ರ ಏಪ್ರಿಲ್ 6ರಂದು ಸುಜುಕಾದಲ್ಲಿ. ಮೂರನೇ ಲ್ಯಾಪಿನಲ್ಲಿ ಕಾತೊ ತಡೆಗೋಡೆಗೆ ಅಪ್ಪಳಿಸಿದರು. ರೇಸನ್ನು ನಿಲ್ಲಿಸಲಿಲ್ಲ. ಎರಡು ವಾರ ಪ್ರಜ್ಞೆಯಿಲ್ಲದೆ ಇದ್ದು ಏಪ್ರಿಲ್ 20ರಂದು ತೀರಿಕೊಂಡಾಗ ಅವರ ವಯಸ್ಸು 26. ಸುಜುಕಾದಲ್ಲಿ ಮೋಟೊಜಿಪಿ ಮತ್ತೆ ನಡೆಯಲಿಲ್ಲ. ಅವರ 74ನೇ ಸಂಖ್ಯೆಯನ್ನು ದೊಡ್ಡ ವರ್ಗದಲ್ಲಿ ಇನ್ನಾರಿಗೂ ಕೊಡುವುದಿಲ್ಲ. ಇಟಲಿಯ ಮಿಸಾನೊ ಸರ್ಕಿಟ್‌ಗೆ ಹೋಗುವ ರಸ್ತೆಗೆ ಅವರ ಹೆಸರಿದೆ.

ಆ ತಲೆಮಾರು ಬಹುಬೇಗ ಕರಗಿತು. ತಕುಮಾ ಅವೊಕಿ 1998ರಲ್ಲೇ ಟೆಸ್ಟಿಂಗ್ ವೇಳೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಛಲ ಬಿಡದ ಅವರು 2021ರಲ್ಲಿ ಕೈಯಲ್ಲೇ ನಿಯಂತ್ರಿಸುವ ಕಾರಿನಲ್ಲಿ ಲ ಮಾನ್ 24 ಗಂಟೆಗಳ ರೇಸ್ ಮುಗಿಸಿದರು. ಅಬೆ 2007ರಲ್ಲಿ ಸಾಮಾನ್ಯ ರಸ್ತೆಯಲ್ಲಿ ಅಡ್ಡ ತಿರುಗಿದ ಲಾರಿಗೆ ಬಲಿಯಾದರು. ಮಕೊತೊ ತಮದಾ 2004ರಲ್ಲಿ ರಿಯೊ ಮತ್ತು ಮೊತೆಗಿ ರೇಸುಗಳನ್ನು ಗೆದ್ದರು. ಆಮೇಲಿನ ಇಪ್ಪತ್ತು ಋತುಗಳಲ್ಲಿ ದೊಡ್ಡ ವರ್ಗದಲ್ಲಿ ಜಪಾನಿ ಗೆಲುವೇ ಇಲ್ಲ. ಹಿರೊಶಿ ಅವೊಯಾಮಾ 2009ರಲ್ಲಿ 250 ಸಿಸಿಯ ಕೊನೆಯ ಚಾಂಪಿಯನ್ ಆದರು, ಮರುವರ್ಷ ಆ ವರ್ಗವೇ ಇರಲಿಲ್ಲ. ಅದರ ಜಾಗಕ್ಕೆ ಬಂದ ಮೋಟೊ2ರ ಮೊಟ್ಟಮೊದಲ ರೇಸನ್ನು ಕತಾರ್‌ನಲ್ಲಿ ಗೆದ್ದ ಶೊಯಾ ತೊಮಿಜಾವಾ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಿಸಾನೊದಲ್ಲಿ ಸತ್ತರು, 19ರ ಹರೆಯದಲ್ಲಿ.

ಸಾವುಗಳಷ್ಟನ್ನೇ ಕಾರಣವೆನ್ನಲಾಗದು. ಕಂಪನಿಗಳು ಒಳ್ಳೆಯ ಸವಾರರನ್ನು ಊರಲ್ಲೇ ಇಟ್ಟುಕೊಂಡು ಬೈಕು ತಿದ್ದಿಸಿಕೊಂಡವು, ಸುಜುಕಾ ಎಂಟು ಗಂಟೆಗಳ ರೇಸ್ ಗೆಲ್ಲಿಸಿಕೊಂಡವು. ಯಮಾಹಾದ ಕತ್ಸುಯುಕಿ ನಕಸುಗಾ 2015ರಿಂದ ಸತತ ನಾಲ್ಕು ವರ್ಷ ಆ ರೇಸ್ ಗೆದ್ದ ತಂಡದಲ್ಲಿದ್ದರು. 2012ರಲ್ಲಿ ವೆಲೆನ್ಸಿಯಾದ ಮೋಟೊಜಿಪಿಗೆ ಬದಲಿ ಸವಾರನಾಗಿ ಹೋಗಿ ಎರಡನೇ ಸ್ಥಾನ ತಂದವರೂ ಅವರೇ. ಅಂಥವರಿಗೆ ಯುರೋಪಿನಲ್ಲಿ ಒಂದು ಪೂರ್ಣ ಋತು ಯಾಕೆ ಸಿಗಲಿಲ್ಲ? ಅವಕಾಶ ಸಿಕ್ಕ ತಕಾಕಿ ನಕಗಾಮಿ 2018ರಿಂದ ಏಳು ಋತು ದೊಡ್ಡ ವರ್ಗದಲ್ಲಿದ್ದರು, ಆದರೆ ಹೊಂಡಾದ ಮುಖ್ಯ ತಂಡದಲ್ಲಿ ಅಲ್ಲ.

ಅವೊಯಾಮಾ ಬಳಿಕ ಜಪಾನಿಗೆ ಮತ್ತೊಂದು ವಿಶ್ವ ಕಿರೀಟ ಬರಲು ಹದಿನೈದು ವರ್ಷ ಬೇಕಾಯಿತು. 2024ರಲ್ಲಿ ಐ ಒಗುರಾ ಮೋಟೊ2 ಚಾಂಪಿಯನ್ ಆದರು. ಆ ವರ್ಷಕ್ಕೆ ಮೊದಲೇ ಅವರು ಹೊಂಡಾ ಬೆಂಬಲದ ಏಷ್ಯಾ ತಂಡ ಬಿಟ್ಟು ಸ್ಪೇನ್ ತಂಡ ಸೇರಿದ್ದರು. ಮೋಟೊಜಿಪಿಗೆ ಆರಿಸಿಕೊಂಡದ್ದು ಇಟಲಿಯ ಅಪ್ರಿಲಿಯಾ ಬೈಕನ್ನು, ಅಮೆರಿಕದ ತಂಡದಲ್ಲಿ. 2025ರ ಮೊದಲ ರೇಸು ಥಾಯ್ಲೆಂಡಿನಲ್ಲಿ ನಡೆಯಿತು. ಸ್ಪ್ರಿಂಟ್‌ನಲ್ಲಿ ಒಗುರಾ ನಾಲ್ಕನೆಯವರು, ಮುಖ್ಯ ರೇಸಿನಲ್ಲಿ ಐದನೆಯವರು. ಅಂದಿನ ಮುಖ್ಯ ರೇಸಿನಲ್ಲಿ ಅವರಿಗಿಂತ ಮುಂದೆ ಹೋದ ನಾಲ್ಕೂ ಬೈಕುಗಳು ಡುಕಾಟಿಯವು. ಹೊಂಡಾ, ಯಮಾಹಾ ಎಲ್ಲ ಅವರ ಹಿಂದೆಯೇ ಬಂದವು.