ಗೋಡೆಗೊಂದು ಪರವಾನಗಿ, ದೀಪಕ್ಕೊಂದು ಪರವಾನಗಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ: ಜಾಗ ಗಾಂವಠಾಣದ ಒಳಗಿದೆಯೋ, ಹೊರಗೋ? ಇದು ಮುಂಬಯಿ ಆಡಳಿತ ಬಿಟ್ಟುಹೋದ ಪ್ರಶ್ನೆ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಸೀಮೆ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರವರೆಗೆ ಆ ಜಿಲ್ಲೆಯೇ ಮುಂಬಯಿಗೆ ಸೇರಿತ್ತು.

1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ ರೈತ ತನ್ನ ಹೊಲದಲ್ಲಿ ಬಾವಿ ತೋಡಬಹುದಿತ್ತು, ಒಕ್ಕಲುತನಕ್ಕೆ ಬೇಕಾದ ಕಟ್ಟಡ ಕಟ್ಟಬಹುದಿತ್ತು. ಬೇರೆ ಉದ್ದೇಶಕ್ಕಾದರೆ ಕಲೆಕ್ಟರರ ಅಪ್ಪಣೆ ಬೇಕು. ಸರ್ಕಾರದ ಚಿಂತೆ ಗೋಡೆಯ ಗಟ್ಟಿತನವಲ್ಲ, ಕಂದಾಯ. ‘ಎನ್.ಎ. ಮಾಡಿಸುವುದು’ ಎಂಬ ಮಾತಿನ ಬೇರು ಇಲ್ಲಿದೆ. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಇದೇ ಪದ್ಧತಿಯನ್ನು ಮುಂದುವರಿಸಿತು.

ಗಾಂವಠಾಣದ ಒಳಗಿನ ಕಥೆ ಬೇರೆ. ಅಲ್ಲಿ ಮನೆಗಳು ತಂದೆಯಿಂದ ಮಗನಿಗೆ ಬಂದವು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಒಂದು ಗೋಡೆ ಎದ್ದಿತು. ನಕ್ಷೆ ಯಾರ ಬಳಿಯೂ ಇರಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಹೊಸ ಕಟ್ಟಡಕ್ಕೂ ಹಳೆಯದರ ವಿಸ್ತರಣೆಗೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕೆಂದಿತು. ಅಷ್ಟರಲ್ಲಿ ಊರುಗಳು ತುಂಬಿದ್ದವು.

ವಿದ್ಯುತ್ತಿನ ಕಾನೂನು ಬೇರೆ ದಾರಿಯಲ್ಲಿ ಬಂತು. ಅದರ ಚಿಂತೆ ಜೀವಾಪಾಯ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೆಯದು, ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ಉಳಿದ ವೈರಿಂಗ್ ಎಲ್ಲವನ್ನೂ ಲೈಸೆನ್ಸ್ ಪಡೆದ ಗುತ್ತಿಗೆದಾರನೇ, ಅರ್ಹತಾ ಪತ್ರವುಳ್ಳವರ ಮೇಲ್ವಿಚಾರಣೆಯಲ್ಲಿ ಮಾಡಬೇಕೆಂದಿತು. ಗೋಡೆ ಕಟ್ಟಲು ಯಾರು ಒಪ್ಪಿಗೆ ಕೊಟ್ಟರೆಂದು ಅದು ಕೇಳಲಿಲ್ಲ. ಬಡವರ ಮನೆಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ಗುಡಿಸಲುಗಳಿಗೂ ಬೆಳಕು ತಂದಿತು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಪ್ರಕರಣವೂ ಮಾಲೀಕನಿಗೆ ಮಾತ್ರವಲ್ಲ, ಅಲ್ಲಿ ವಾಸಿಸುವವನಿಗೂ ಸಂಪರ್ಕ ಕೇಳುವ ಹಕ್ಕು ಕೊಟ್ಟಿತು.

ಈ ಎರಡು ದಾರಿಗಳು ಕೂಡಿದ್ದು ಈಚೆಗೆ. ಮೀರತ್ ನಗರದ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರಂದು, ಕಟ್ಟಡ ಪೂರ್ಣಗೊಂಡ ಇಲ್ಲವೇ ವಾಸಯೋಗ್ಯವೆಂಬ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿತು. 2025ರಲ್ಲಿ ಕರ್ನಾಟಕದಲ್ಲಿಯೂ ಹೊಸ ಕಟ್ಟಡಗಳ ಮೀಟರುಗಳಿಗೆ ಇದು ತೊಡಕಾಯಿತು.

ಪಟ್ಟಣದ ಬಹುಮಹಡಿಗಳನ್ನು ನೋಡಿದರೆ ತೀರ್ಪು ನ್ಯಾಯವೆಂದೇ ತೋರುತ್ತದೆ. ಆದರೆ ಕಾಗಿನೆಲೆಯಂಥ ಹಳೆಯ ಊರಿನಲ್ಲಿ ಜಾಗಕ್ಕೇ ದಾಖಲೆ ಇಲ್ಲದವರು ಕಟ್ಟಡಕ್ಕೆ ಪ್ರಮಾಣಪತ್ರ ತರುವುದೆಲ್ಲಿಂದ? 2013ರ ಇ-ಸ್ವತ್ತು, 2020ರಲ್ಲಿ ಡ್ರೋನ್ ಅಳತೆಯೊಂದಿಗೆ ಬಂದ ಸ್ವಾಮಿತ್ವ ಯೋಜನೆ ಈ ಕೊರತೆ ತುಂಬಲೆಂದೇ ಹುಟ್ಟಿದವು. ಅಪಾಯ ತಡೆಯುವ ಪರವಾನಗಿ ಎಲ್ಲರಿಗೂ ಬೇಕು. ಅದನ್ನು ಕೇಳುವ ಮೊದಲು ಪಡೆಯುವ ದಾರಿಯನ್ನು ತೆರೆದಿಡುವುದೂ ಆಡಳಿತದ ಕೆಲಸವೇ.